ಪದಪರಿಚಯ: ‘ಸ್ಟೋರೀಡ್’

ಇಂಗ್ಲಿಷ್ ಪತ್ರಿಕೆಗಳಲ್ಲಿ ಹಳೆಯ ವಿಶ್ವವಿದ್ಯಾಲಯ, ಕ್ರೀಡಾಸಂಸ್ಥೆ, ರಾಜಮನೆತನ ಮುಂತಾದವುಗಳಿಗೆ ‘ಸ್ಟೋರೀಡ್’ ಎಂಬ ವಿಶೇಷಣವನ್ನು ಬಳಸುತ್ತಾರೆ. ‘ಸ್ಟೋರಿ’ ಎಂದರೆ ಕಥೆಯಾದ್ದರಿಂದ ಇದನ್ನು ‘ಕಟ್ಟುಕಥೆಯ’ ಎಂದು ಅರ್ಥೈಸಿದರೆ ಪ್ರಶಂಸೆಯೇ ನಿಂದೆಯಾಗಿಬಿಡುತ್ತದೆ. ಆದಕಾರಣ ಈ ಪದದ ಅರ್ಥ ಹಾಗೂ ಮೂಲವನ್ನು ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ಅರ್ಥ: ಇತಿಹಾಸದಲ್ಲಿಯೂ ಜನರ ಮಾತಿನಲ್ಲಿಯೂ ಕೀರ್ತಿಗೊಂಡ; ಇತಿಹಾಸಪ್ರಸಿದ್ಧ. ಕಥೆ, ಪುರಾಣ ಅಥವಾ ಚರಿತ್ರೆಯ ದೃಶ್ಯಗಳಿಂದ ಅಲಂಕೃತವಾದ ಎಂಬುದು ಇದರ ಹಳೆಯ ಅರ್ಥ. ಕವಿ ಥಾಮಸ್ ಗ್ರೇ 1751ರಲ್ಲಿ ಪ್ರಕಟಿಸಿದ ಪ್ರಸಿದ್ಧ ಶೋಕಗೀತೆಯಲ್ಲಿ ಚಿತಾಭಸ್ಮದ ಕಲಶವೊಂದಕ್ಕೆ ಈ ವಿಶೇಷಣವಿದೆ.

ಮೂಲ: ಗ್ರೀಕ್ ಭಾಷೆಯ ‘ಹಿಸ್ಟೋರಿಯಾ’ ಎಂದರೆ ವಿಚಾರಿಸಿ ತಿಳಿಯುವುದು. ಅದು ಲ್ಯಾಟಿನ್‌ಗೂ ಅಲ್ಲಿಂದ ಹಳೆಯ ಫ್ರೆಂಚಿಗೂ ಸಾಗಿ, ಇಂಗ್ಲಿಷಿನಲ್ಲಿ ‘ಹಿಸ್ಟರಿ’, ‘ಸ್ಟೋರಿ’ ಎಂಬ ಎರಡು ರೂಪಗಳನ್ನು ತಾಳಿತು. ಮೊದಲು ಇವೆರಡರ ಅರ್ಥದಲ್ಲಿ ಹೆಚ್ಚಿನ ಭೇದವಿರಲಿಲ್ಲ. ಕಾಲಕ್ರಮೇಣ ಒಂದು ಚರಿತ್ರೆಗೂ ಮತ್ತೊಂದು ಕಥೆಗೂ ಮೀಸಲಾಯಿತು. ‘ಸ್ಟೋರೀಡ್’ ಮಾತ್ರ ಹಳೆಯ ನಂಟನ್ನು ಉಳಿಸಿಕೊಂಡಿದೆ.

ಕಟ್ಟಡದ ಅಂತಸ್ತಿಗೂ ಇಂಗ್ಲಿಷಿನಲ್ಲಿ ಇದೇ ಉಚ್ಚಾರಣೆಯ ಪದವಿದೆ. ಅಮೆರಿಕದಲ್ಲಿ ಎರಡರ ಕಾಗುಣಿತವೂ ಒಂದೇ. ಬ್ರಿಟನ್ನಿನಲ್ಲಿ ಒಂದಕ್ಷರ ಹೆಚ್ಚು. ಮಧ್ಯಯುಗದ ಕಟ್ಟಡಗಳ ಮುಂಭಾಗದಲ್ಲಿ ಸಾಲಾಗಿದ್ದ ಕಥಾಚಿತ್ರಗಳಿಂದಲೇ ಈ ಅರ್ಥ ಹುಟ್ಟಿರಬಹುದೆಂಬುದು ವಿದ್ವಾಂಸರ ಊಹೆ.

ನಮ್ಮಲ್ಲಿ: ‘ಇತಿಹಾಸ’ ಪದವನ್ನು ‘ಇತಿ-ಹ-ಆಸ’, ಅಂದರೆ ‘ಹೀಗೆ ಇದ್ದಿತು’ ಎಂದು ಬಿಡಿಸುತ್ತಾರೆ. ರಾಮಾಯಣ, ಮಹಾಭಾರತಗಳನ್ನು ಪರಂಪರೆಯು ಇತಿಹಾಸವೆಂದೇ ಕರೆದಿದೆ. ಕಥೆ ಮತ್ತು ಚರಿತ್ರೆಯ ನಂಟು ನಮಗೂ ಹೊಸದಲ್ಲ. ರಾಮಾಯಣದ ಪ್ರಸಂಗಗಳನ್ನು ಕೆತ್ತಿರುವ ಹಂಪಿಯ ಹಜಾರರಾಮ ದೇವಾಲಯವು ಈ ವಿಶೇಷಣದ ಎರಡೂ ಅರ್ಥಗಳಿಗೆ ಸಲ್ಲುತ್ತದೆ.

ಬಳಕೆ: ‘ಐತಿಹಾಸಿಕ’ ಎಂದರೆ ಇತಿಹಾಸಕ್ಕೆ ಸಂಬಂಧಿಸಿದ್ದು. ‘ಸ್ಟೋರೀಡ್’ ಎನಿಸಿಕೊಳ್ಳಲು ಅಷ್ಟೇ ಸಾಲದು. ಜನರು ಅದರ ಕಥೆಯನ್ನು ಹೇಳುತ್ತ ಬಂದಿರಬೇಕು. ಹೀಗಾಗಿ ಸಂದರ್ಭಾನುಸಾರ ‘ಇತಿಹಾಸಪ್ರಸಿದ್ಧ’, ‘ಖ್ಯಾತಿವೆತ್ತ’ ಎಂದೂ, ಗೋಡೆ-ಕಲಶಗಳಿಗೆ ‘ಕಥಾಚಿತ್ರಿತ’ ಎಂದೂ ಬಳಸುವುದು ಉಚಿತ.

ಹೊರನಾಡಿನ ನಮ್ಮ ಸಂಘಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ವರ್ಷಗಳು ಉರುಳಿದಂತೆ ಸಂಸ್ಥೆ ಹಳೆಯದಾಗುತ್ತದೆ. ಅದನ್ನು ಕಟ್ಟಿದವರ ವೃತ್ತಾಂತವನ್ನು ಹಿರಿಯರು ಹೇಳಿ, ಕಿರಿಯರು ಬರೆದಿಟ್ಟರೆ ಮಾತ್ರ ಇತಿಹಾಸಪ್ರಸಿದ್ಧವಾಗುತ್ತದೆ.