ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಳೆತ ಹೆಸರು ಮತ್ತು ಮೆಂತ್ಯ: ಪೊನ್ನಂಪೇಟೆ ಭಾಗದ ಕೃಷಿಕರಿಗೆ ಮಾಹಿತಿ

2025ರ ಜೂನ್ 25ರಂದು, ತಾವು ಮಳೆಯ ಬಿಡುವು ನೋಡಿಕೊಂಡು ಭತ್ತದ ಸಸಿಮಡಿಯ ಕೆಲಸದಲ್ಲಿ ತೊಡಗಿದ್ದ ಹೊತ್ತಿನಲ್ಲಿ, ಭಾರತೀಯ ಕಾಲಮಾನ ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಫಾಲ್ಕನ್-9 ರಾಕೆಟ್ ಮೇಲೇರಿತು. ಅದರ ತುದಿಯಲ್ಲಿದ್ದ ಡ್ರ್ಯಾಗನ್ ನೌಕೆಯಲ್ಲಿ ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಚಾಲಕರಾಗಿದ್ದರು. ನಾಯಕತ್ವ ಪೆಗ್ಗಿ ವಿಟ್ಸನ್ ಅವರದು; ಪೋಲೆಂಡ್ ಮತ್ತು ಹಂಗೇರಿಯ ತಲಾ ಒಬ್ಬರು ಜೊತೆಗಿದ್ದರು. ಮರುದಿನ ಸಂಜೆ ನಾಲ್ಕರ ಸುಮಾರಿಗೆ ನೌಕೆಯು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಕೂಡಿಕೊಂಡಿತು. 1984ರಲ್ಲಿ ರಾಕೇಶ್ ಶರ್ಮಾ ಅವರು ಸೋವಿಯತ್ ದೇಶದ ಸಲ್ಯೂತ್-7 ನಿಲ್ದಾಣಕ್ಕೆ ಹೋಗಿಬಂದ 41 ವರ್ಷಗಳ ನಂತರ ಬಾಹ್ಯಾಕಾಶಕ್ಕೆ ತೆರಳಿದ ಭಾರತೀಯರಿವರು. ಅಂತರರಾಷ್ಟ್ರೀಯ ನಿಲ್ದಾಣವನ್ನು ಪ್ರವೇಶಿಸಿದ ಮೊದಲ ಭಾರತೀಯರೂ ಹೌದು. ಜುಲೈ 15ರಂದು ಅವರು ಸುರಕ್ಷಿತವಾಗಿ ಮರಳಿದರು.

ಈ ಯಾನದ ಸಂಗತಿ ಕೃಷಿ ಸಲಹೆಯ ಪುಟಕ್ಕೆ ಏಕೆ ಬಂತೆಂದು ತಾವು ಕೇಳಬಹುದು. ಯಾನಕ್ಕಾಗಿ ಇಸ್ರೋ ಆಯ್ದ ಏಳು ಪ್ರಯೋಗಗಳಲ್ಲಿ ಒಂದು ನಮ್ಮ ರಾಜ್ಯದ ಕೃಷಿ ವಿಜ್ಞಾನದ ಕೊಡುಗೆ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಡಾ. ರವಿಕುಮಾರ ಹೊಸಮನಿ ಮತ್ತು ಧಾರವಾಡ ಐಐಟಿಯ ಡಾ. ಸುಧೀರ್ ಸಿದ್ದಾಪುರೆಡ್ಡಿ ಅವರು ರೂಪಿಸಿದ ಈ ಪ್ರಯೋಗದಲ್ಲಿ ಹೆಸರುಕಾಳು ಮತ್ತು ಮೆಂತ್ಯದ ಒಣ ಬೀಜಗಳಿಗೆ ನಿಲ್ದಾಣದಲ್ಲಿಯೇ ನೀರುಣಿಸಿ ಮೊಳೆಸಲಾಯಿತು. ಶುಕ್ಲಾ ಅವರು ಮೊಳಕೆಗಳ ಛಾಯಾಚಿತ್ರ ತೆಗೆದು, ಅವನ್ನು ಶೈತ್ಯಪೆಟ್ಟಿಗೆಯಲ್ಲಿರಿಸಿದರು. ಮೊಳಕೆಯ ಪೋಷಕಾಂಶ, ಅದರ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳು ಮತ್ತು ವಂಶವಾಹಿಗಳ ವರ್ತನೆಯಲ್ಲಿ ವ್ಯತ್ಯಾಸವಾಗುವುದೇ ಎಂಬುದು ಪರೀಕ್ಷೆಯ ವಿಷಯ. ಮಣ್ಣಾಗಲಿ ಬಿಸಿಲಾಗಲಿ ಬೇಡದೆ ಕೆಲವೇ ದಿನಗಳಲ್ಲಿ ಸಿದ್ಧವಾಗುವ ತಾಜಾ ಆಹಾರ ಮೊಳಕೆ ಆದ್ದರಿಂದ ಈ ಆಯ್ಕೆ ಸೂಕ್ತವಾಗಿದೆ.

ಬೇರಿಗೆ ಕೆಳಗು ತಿಳಿಯುವ ಬಗೆ

ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿದ್ದು, ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತದೆ. ಅಲ್ಲಿ ಭೂಮಿಯ ಸೆಳೆತ ಇಲ್ಲವೆಂಬುದು ತಪ್ಪು ಗ್ರಹಿಕೆ. ನೆಲದ ಮೇಲಿನ ಸೆಳೆತದ ಶೇ. 90ರಷ್ಟು ಅಲ್ಲಿಯೂ ಇದೆ. ಆದರೆ ನಿಲ್ದಾಣವೂ ಅದರೊಳಗಿನ ಸಮಸ್ತವೂ ಭೂಮಿಯತ್ತ ಒಂದೇ ಸಮನೆ ಬೀಳುತ್ತಲೇ ಸುತ್ತುವುದರಿಂದ ತೂಕದ ಅನುಭವವಾಗದು.

ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟ ತುಂಬಿದ ಸೂಕ್ಷ್ಮ ಕಣಗಳಿರುತ್ತವೆ. ಬೇರು ಓರೆಯಾದರೆ ಈ ಕಣಗಳು ಕೋಶದ ತಳಭಾಗಕ್ಕೆ ಜಾರಿ ಕೂರುತ್ತವೆ. ಆಕ್ಸಿನ್ ಎಂಬ ಸಸ್ಯ ಚೋದಕವು ಆ ಬದಿಯಲ್ಲಿ ಹೆಚ್ಚು ಶೇಖರವಾಗಿ ಅಲ್ಲಿನ ಬೆಳವಣಿಗೆಯನ್ನು ತಡೆಯುತ್ತದೆ, ಮೇಲಿನ ಬದಿ ನೀಳವಾಗುತ್ತದೆ, ಬೇರು ಕೆಳಮುಖವಾಗಿ ಬಾಗುತ್ತದೆ. ತೂಕವಿಲ್ಲದ ಕಡೆ ಕಣಗಳು ತಳ ಸೇರುವುದಿಲ್ಲ. ಬೇರು ಬೆಳಕು, ತೇವಗಳ ಸುಳಿವನ್ನಷ್ಟೇ ನೆಚ್ಚಬೇಕಾಗುತ್ತದೆ. ಇನ್ನೂ ಒಂದು ತೊಡಕಿದೆ. ಅಲ್ಲಿ ನೀರು ಇಳಿದುಹೋಗದೆ ಬೀಜಕ್ಕೂ ಬೇರಿಗೂ ಪದರವಾಗಿ ಅಂಟಿಕೊಂಡು ಗಾಳಿಯನ್ನು ತಡೆಯಬಲ್ಲದು. ಕಾರಣ ಬೇರೆಯಾದರೂ ಫಲ ನಮಗೆ ಹೊಸದಲ್ಲ: ಆಷಾಢದ ಮಳೆಯಲ್ಲಿ ಬಸಿಗಾಲುವೆ ಮುಚ್ಚಿಹೋದ ತೋಟದ ಕಾಳುಮೆಣಸಿನ ಬುಡವನ್ನು ನೋಡಿದವರಿಗೆ ಬೇರು ಉಸಿರುಗಟ್ಟುವುದೆಂದರೇನೆಂದು ಹೇಳಬೇಕಿಲ್ಲ.

ಕಾಫಿ ಪಾತಿಯಲ್ಲಿ ಇದೇ ನಿಯಮ

ಡಿಸೆಂಬರ್-ಜನವರಿಯಲ್ಲಿ ಕಾಫಿ ಬೀಜವನ್ನು ಪಾತಿಗೆ ಹಾಕುವಾಗ ಚಪ್ಪಟೆ ಬದಿ ಕೆಳಗಿರುವಂತೆ, ಬೀಜದಿಂದ ಬೀಜಕ್ಕೆ 1.5ರಿಂದ 2.5 ಸೆಂ.ಮೀ. ಅಂತರವಿರುವಂತೆ ಇರಿಸಬೇಕೆಂದು ಹಿರಿಯರು ಹೇಳುವುದನ್ನು ತಾವು ಕೇಳಿರುತ್ತೀರಿ. ಅಡ್ಡಾದಿಡ್ಡಿಯಾಗಿ ಬಿದ್ದ ಬೀಜವೂ ಮೊಳೆಯುತ್ತದೆ. ಆದರೆ ಬೇರು ತಿರುಗಿ ಕೆಳಮುಖವಾಗುವಾಗ ಕೊಂಕು ಉಳಿಯುವ ಸಂಭವವಿದೆ. ಸುಮಾರು 45 ದಿನಗಳ ನಂತರ ಟೋಪಿ ಹಂತದ ಸಸಿಯನ್ನು ಚೀಲಕ್ಕೆ ವರ್ಗಾಯಿಸುವಾಗ ತಾಯಿಬೇರು ಮಡಚಿಕೊಂಡರಂತೂ ಆ ದೋಷ ಗಿಡದೊಂದಿಗೇ ಬೆಳೆಯುತ್ತದೆ. ಬಾಗಿದ ತಾಯಿಬೇರಿನ ಸಸಿಯನ್ನು ಕನಿಕರವಿಲ್ಲದೆ ತೆಗೆದುಹಾಕತಕ್ಕದ್ದು. ದಶಕಗಳ ಕಾಲ ನಿಲ್ಲಬೇಕಾದ ಗಿಡ ಬೇಸಿಗೆಯಲ್ಲಿ ಆಳದ ತೇವವನ್ನು ಮುಟ್ಟುವುದು ಈ ಬೇರಿನಿಂದಲೇ. ಕಾಫಿ ಬೀಜದ ಜೀವಶಕ್ತಿ ಕೆಲವೇ ತಿಂಗಳುಗಳಲ್ಲಿ ಕುಗ್ಗುವುದರಿಂದ ಹಳೆಯ ಬೀಜವನ್ನು ಬಳಸಬಾರದು.

ಭತ್ತದಲ್ಲಿಯೂ ಭೂಮಿಯ ಸೆಳೆತ ನಮ್ಮ ಸಹಾಯಕ್ಕಿದೆ. ತಾಜಾ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದರೆ ಜೊಳ್ಳು ತೇಲಿ, ಗಟ್ಟಿ ಕಾಳು ಮುಳುಗುತ್ತದೆ. (ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಉಪಾಯ ಸಾಗದು, ಅಲ್ಲಿ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ.) ಗಟ್ಟಿ ಬೀಜವನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದೇ ಬಿತ್ತಬೇಕು. ಕೊಡಗಿನ ತೇವದ ಹವೆಯಲ್ಲಿ ಮನೆಯಲ್ಲಿಟ್ಟ ಬೀಜವನ್ನು ನಂಬಿ ಕೂರದೆ, ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ಎಣಿಸಿರಿ. ಪ್ರಮಾಣಿತ ಭತ್ತದ ಬೀಜಕ್ಕೆ ಕನಿಷ್ಠ ಮೊಳಕೆ ಶೇ. 80, ಹೆಸರಿಗೆ ಶೇ. 75, ಮೆಂತ್ಯಕ್ಕೆ ಶೇ. 70.

‘ಬಾಹ್ಯಾಕಾಶ ಬೀಜ’ದ ಬಗ್ಗೆ ಎಚ್ಚರ

ಇದೇ ಯಾನದಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ತಳಿಗಳ ಬೀಜಗಳೂ ಹೋಗಿದ್ದವು. ಜ್ಯೋತಿ ಮತ್ತು ಉಮಾ ಭತ್ತ ಅವುಗಳಲ್ಲಿ ಸೇರಿವೆ. ಇಂತಹ ಬೀಜಗಳನ್ನು ಹಲವು ತಲೆಮಾರು ಬೆಳೆದು ನೋಡಿದ ನಂತರವೇ ಗುಣದಲ್ಲಿ ಬದಲಾವಣೆಯಾಗಿದೆಯೇ ಎಂದು ಹೇಳಲು ಬರುತ್ತದೆ. ಚೀನಾ ದೇಶವು 1987ರಿಂದಲೂ ಬೀಜಗಳನ್ನು ಕಕ್ಷೆಗೆ ಕಳುಹಿಸುತ್ತಿದೆ. ಅಲ್ಲಿನ ಲೂಯುವಾನ್-502 ಗೋಧಿಯಂತಹ ತಳಿ ರೈತರ ಹೊಲ ಸೇರುವ ಮುನ್ನ ವರ್ಷಗಟ್ಟಲೆ ಆಯ್ಕೆ ನಡೆದಿದೆ. ವಿಕಿರಣದಿಂದ ಆಗುವ ಬದಲಾವಣೆಗಳಲ್ಲಿ ಉಪಯುಕ್ತವಾದವು ತೀರ ಕಡಿಮೆ. ಆದುದರಿಂದ ಯಾರಾದರೂ ಬಾಹ್ಯಾಕಾಶದಿಂದ ಬಂದ ಬೀಜವೆಂದು ಹೆಚ್ಚಿನ ಬೆಲೆ ಹೇಳಿದರೆ ಕೊಳ್ಳಬೇಡಿರಿ. ಚೀಲದ ಮೇಲಿನ ಪ್ರಮಾಣಪತ್ರದ ಚೀಟಿ, ಪರೀಕ್ಷೆಯ ದಿನಾಂಕಗಳನ್ನು ನೋಡಿ, ರಸೀದಿ ಪಡೆದೇ ಬೀಜ ತನ್ನಿರಿ.

ವಿಸ್ತರಣಾ ಕಾರ್ಯಕರ್ತರು ಶಾಲೆಗಳಲ್ಲಿ ಅಥವಾ ರೈತರ ಸಭೆಯಲ್ಲಿ ಇದನ್ನು ತೋರಿಸಲು ಎರಡು ಗಾಜಿನ ತುಂಡು, ಒದ್ದೆ ಬಟ್ಟೆ ಮತ್ತು ಮೆಂತ್ಯ ಸಾಕು. ಗಾಜಿಗೂ ಬಟ್ಟೆಗೂ ನಡುವೆ ಕಾಳು ಕಾಣುವಂತೆ ಒತ್ತಿ ಕಟ್ಟಿ, ನೆಟ್ಟಗೆ ನಿಲ್ಲಿಸಿರಿ. ಬೇರು ಬೆರಳಿನ ಗೆಣ್ಣುದ್ದ ಬಂದಾಗ ಗಾಜನ್ನು ಕಾಲು ಸುತ್ತು ತಿರುಗಿಸಿ ಇಡಿರಿ. ಮರುದಿನ ನೋಡುವಾಗ ಬೇರಿನ ತುದಿಗಳು ಮತ್ತೆ ನೆಲದ ಕಡೆಗೆ ತಿರುಗಿರುತ್ತವೆ.