ಹಗ್ಗದ ಮೇಲಿನ ನಡಿಗೆ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ಹಾದಿಯು ಕಲ್ಮಲದ ಬಳಿ ಕವಲೊಡೆದು, ಒಂದು ಲಿಂಗಸುಗೂರಿನತ್ತಲೂ ಇನ್ನೊಂದು ಮಾನ್ವಿಯತ್ತಲೂ ಸಾಗುವುದು. ಶಾಸನಗಳು ಎಡೆದೊರೆ ನಾಡೆಂದು ಕರೆದ ಸೀಮೆಯಿದು. ಕನ್ನಡ ನಾಡಿನ ಇಂಥ ಹಾದಿಗಳನ್ನು ಹಿಡಿದೇ ದೊಂಬರು ಸಂತೆ-ಜಾತ್ರೆಗಳನ್ನರಸಿ ಊರೂರು ತಿರುಗಿದರು.

ಹಗ್ಗದ ಮೇಲೆ ನಡೆಯುವ ಹುಡುಗಿಯನ್ನು ನಾವು ಬೆರಗಿನಿಂದ ನೋಡುತ್ತೇವೆ. ಆದರೆ ಆ ವಿದ್ಯೆಯ ಅರ್ಧ ಭಾಗ ನೆಲದ ಮೇಲೆಯೇ ಮುಗಿದಿರುತ್ತದೆ. ಬಿದಿರ ಗಣೆಗಳನ್ನು ಕತ್ತರಿಯಂತೆ ಜೋಡಿಸಿ ಎರಡು ಕಡೆ ನಿಲ್ಲಿಸಬೇಕು. ಹಗ್ಗವನ್ನು ಅವುಗಳ ಮೇಲೆ ಹಾಯಿಸಿ, ತುದಿಗಳನ್ನು ಗೂಟಗಳಿಗೆ ಬಿಗಿಯಬೇಕು. ಗೂಟ ಸಡಿಲಿದರೆ ಧೈರ್ಯವು ನಿಷ್ಪ್ರಯೋಜಕ. ಕೈಯಲ್ಲಿನ ಉದ್ದನೆಯ ಗಣೆಯೂ ಅಲಂಕಾರಕ್ಕಲ್ಲ. ಅದರ ಭಾರವು ಎರಡು ತುದಿಗಳತ್ತ ಹರಡಿರುವುದರಿಂದ ದೇಹವು ನಿಧಾನವಾಗಿ ವಾಲುತ್ತದೆ; ಸರಿಪಡಿಸಿಕೊಳ್ಳಲು ಕ್ಷಣಕಾಲದ ಅವಕಾಶ ದೊರೆಯುತ್ತದೆ.

ಇದೇ ವಿದ್ಯೆಯು ದೂರದ ನ್ಯೂಯಾರ್ಕಿನಲ್ಲಿ ಜಗತ್ಪ್ರಸಿದ್ಧವಾಯಿತು. 1974ರ ಆಗಸ್ಟ್ 7ರಂದು ಫಿಲಿಪ್ ಪೆಟಿಟ್ ಎಂಬ ಫ್ರೆಂಚ್ ತರುಣನು ಅಲ್ಲಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳ ನಡುವೆ, ಸುಮಾರು 1350 ಅಡಿ ಎತ್ತರದಲ್ಲಿ, ಮುಕ್ಕಾಲು ಗಂಟೆ ನಡೆದಾಡಿದನು. ಅದರ ಹಿಂದೆ ಆರು ವರ್ಷಗಳ ಸಿದ್ಧತೆಯಿತ್ತು. ಆತನು ವೇಷ ಮರೆಸಿ ಕಟ್ಟಡವನ್ನು ಪರೀಕ್ಷಿಸಿದನು. ಗಾಳಿಗೆ ಗೋಪುರಗಳು ತೂಗುವ ಬಗೆಯನ್ನು ಅಭ್ಯಸಿಸಿದನು. ಸಂಗಡಿಗರು ರಾತ್ರಿಯಲ್ಲಿ ಬಾಣದಿಂದ ಮೀನುಗಾರರ ದಾರವನ್ನು ಆಚೆಗೆ ಹಾಯಿಸಿ, ಅದರ ಹಿಂದೆ ಕ್ರಮಕ್ರಮವಾಗಿ ದಪ್ಪನೆಯ ಹಗ್ಗಗಳನ್ನೂ ಕೊನೆಗೆ ಉಕ್ಕಿನ ಮಿಣಿಯನ್ನೂ ಎಳೆದರು. ಅಲ್ಲಿಯೂ ಗೆದ್ದುದು ಗೂಟದ ಬಿಗಿಯೇ.

ಅಪ್ಪಣೆಯಿಲ್ಲದೆ ನಡೆದ ಪೆಟಿಟ್‌ನಿಗೆ ವಿಧಿಸಿದ ದಂಡವೆಂದರೆ, ಮಕ್ಕಳಿಗಾಗಿ ಒಂದು ಪ್ರದರ್ಶನ. ನಮ್ಮಲ್ಲಾದರೋ ಬ್ರಿಟಿಷ್ ಸರಕಾರದ 1871ರ ಕಾನೂನು ಅನೇಕ ಅಲೆಮಾರಿ ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ಆ ಕಳಂಕವನ್ನು ಶಾಸನದಿಂದ ಅಳಿಸಲು 1952 ಬರಬೇಕಾಯಿತು. ಪೆಟಿಟ್‌ನ ಸಿದ್ಧತೆಯನ್ನು ಗ್ರಂಥಗಳೂ ಚಲಚ್ಚಿತ್ರಗಳೂ ವಿವರಿಸಿವೆ. ನಮ್ಮ ಸಂತೆಯ ಕಲಾವಿದೆಗೆ ಚರಿತ್ರೆಯಲ್ಲಿ ಹೆಸರೂ ಇಲ್ಲ.

ಎಳೆಯ ಮಕ್ಕಳನ್ನು ಹೊಟ್ಟೆಪಾಡಿಗಾಗಿ ಹಗ್ಗವೇರಿಸುವುದನ್ನು ಇಂದು ಯಾರೂ ಸಮರ್ಥಿಸಲಾರರು. 2011ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸಿನಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಬೇಕೆಂದು ಆದೇಶಿಸಿತು. ಮಗುವು ಪಾಠಶಾಲೆಗೆ ಹೋಗಲಿ. ಆದರೆ ಹಿರಿಯರ ವಿದ್ಯೆ ಅವರೊಡನೆ ಅಳಿಯಬೇಕಾಗಿಲ್ಲ. ಯಾವ ನೆಲದಲ್ಲಿ ಗೂಟ ನಿಲ್ಲುವುದು, ಹಗ್ಗ ಎಷ್ಟು ಬಿಗಿದರೆ ಸಾಕು, ಗಣೆಯ ಉದ್ದವೆಷ್ಟಿರಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಅವರ ಹೆಸರಿನೊಡನೆ ಬರೆದಿಡುವುದು ನಮ್ಮ ವಿದ್ಯಾಲಯಗಳ ಕೆಲಸ.