ಮಾಬಾರಿನ ಅಶ್ವನಷ್ಟ: ಆಹಾರದ ದೃಷ್ಟಿಯಿಂದ ಒಂದು ವಿಚಾರ

ಹದಿಮೂರನೆಯ ಶತಮಾನದ ಅಂತ್ಯಭಾಗದಲ್ಲಿ, ಅರಬರು 'ಮಾಬಾರ್' ಎಂದು ಕರೆಯುತ್ತಿದ್ದ ಪಾಂಡ್ಯರ ನಾಡಿಗೆ ಪಾರಸಿಕ ಕೊಲ್ಲಿಯಿಂದ ಪ್ರತಿವರ್ಷವೂ ಸಾವಿರಾರು ಕುದುರೆಗಳು ಹಡಗುಗಳಲ್ಲಿ ಬರುತ್ತಿದ್ದವು. ಪಾರಸಿಕ ಇತಿಹಾಸಕಾರನಾದ ವಸ್ಸಾಫನು ಒಂದೊಂದು ಕುದುರೆಯ ಸರಾಸರಿ ಬೆಲೆಯನ್ನು 220 ದೀನಾರುಗಳೆಂದು ಹೇಳುತ್ತಾನೆ. ಅಲ್ಲಿಯ ಅರಸನು ವರ್ಷಕ್ಕೆ 2,000ಕ್ಕೂ ಮಿಕ್ಕ ಕುದುರೆಗಳನ್ನು ಕೊಂಡರೂ ವರ್ಷಾಂತ್ಯಕ್ಕೆ 100 ಕೂಡ ಉಳಿಯುತ್ತಿರಲಿಲ್ಲವೆಂದು ಮಾರ್ಕೊ ಪೋಲೊ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಆದರೆ ಬೊಕ್ಕಸಕ್ಕೂ ಸೈನ್ಯಕ್ಕೂ ಒದಗಿದ ನಷ್ಟವು ಅಲ್ಪವಾದುದಲ್ಲ.

ಈ ಮರಣಗಳಿಗೆ ಸಾಮಾನ್ಯವಾಗಿ ಹವೆಯನ್ನೇ ಕಾರಣವೆಂದು ಹೇಳುವುದುಂಟು. ಆದರೆ ಇವರಿಬ್ಬರೂ ಕುದುರೆಗಳ ಮೇವನ್ನು ಸಹ ವರ್ಣಿಸಿರುವುದನ್ನು ನಾವು ಗಮನಿಸಬೇಕು. ಮಾಂಸ ಬೆರೆಸಿದ ಅನ್ನವನ್ನು ಹಾಕುತ್ತಿದ್ದರೆಂದು ಪೋಲೊ ಹೇಳುತ್ತಾನೆ. ನಲವತ್ತು ದಿನ ಕಟ್ಟಿಹಾಕಿ, ಬೆಣ್ಣೆ ಬೆರೆಸಿದ ಹುರಿದ ಧಾನ್ಯವನ್ನೂ ಕಾಯಿಸಿದ ಹಾಲನ್ನೂ ಕೊಡುತ್ತಿದ್ದರೆಂದು ವಸ್ಸಾಫನು ಹೇಳುತ್ತಾನೆ.

ಹಸುವೂ ಕುದುರೆಯೂ ಹುಲ್ಲನ್ನೇ ತಿಂದರೂ ಅವುಗಳ ಒಡಲಿನ ರಚನೆ ಬೇರೆ. ಹಸುವಿನ ಜಠರಕ್ಕೆ ನಾಲ್ಕು ಕೋಣೆಗಳಿವೆ. ಸೂಕ್ಷ್ಮಜೀವಿಗಳು ಮೊದಲ ಕೋಣೆಗಳಲ್ಲಿಯೇ ಹುಲ್ಲನ್ನು ಹುದುಗಿಸುತ್ತವೆ. ಹಸು ಅದನ್ನು ಮೆಲುಕು ಹಾಕುತ್ತದೆ. ಕುದುರೆಯ ಜಠರವು ಒಂದೇ ಕೋಣೆಯದು, ದೇಹದ ಗಾತ್ರಕ್ಕೆ ಚಿಕ್ಕದು. ಕುದುರೆ ಮೆಲುಕು ಹಾಕದು. ತಿಂದುದನ್ನು ವಾಂತಿ ಮಾಡಲೂ ಅದಕ್ಕೆ ಸಾಧ್ಯವಿಲ್ಲವೆನ್ನಬಹುದು. ಅದರ ಹುಲ್ಲು ಹುದುಗುವುದು ಸಣ್ಣಕರುಳನ್ನು ದಾಟಿದ ಮೇಲೆ, ದೊಡ್ಡಕರುಳಿನಲ್ಲಿ. ಆದ್ದರಿಂದ ದಿನವೆಲ್ಲ ಸ್ವಲ್ಪಸ್ವಲ್ಪವಾಗಿ ಮೇಯುವುದೇ ಅದರ ಸಹಜಕ್ರಮ. ಧಾನ್ಯವು ಒಮ್ಮೆಲೇ ಹೆಚ್ಚಾದರೆ ಪಿಷ್ಟವು ಜೀರ್ಣವಾಗದೆ ದೊಡ್ಡಕರುಳನ್ನು ಸೇರಿ, ಅಲ್ಲಿ ಹುಳಿತು ಆಮ್ಲವಾಗುತ್ತದೆ. ಅದರಿಂದ ಹೊಟ್ಟೆಶೂಲೆಯೂ ಗೊರಸಿನೊಳಗೆ ಉರಿಯೂತವೂ ಹುಟ್ಟುತ್ತವೆ. ಬೆಳೆದ ಕುದುರೆಗೆ ಹಾಲಿನ ಸಕ್ಕರೆಯೂ ಸರಿಯಾಗಿ ಜೀರ್ಣವಾಗದು.

ಹೀಗಿರಲು, ಪುಷ್ಟಿಕರವೆಂದು ಆದರದಿಂದ ಕೊಟ್ಟ ಆಹಾರವೇ ಪ್ರಾಣಕ್ಕೆ ಕುತ್ತಾಗಿರಬಹುದೆಂದು ನಾವು ಊಹಿಸುತ್ತೇವೆ. ಇದೊಂದೇ ಕಾರಣವೆಂದು ನಮ್ಮ ವಾದವಲ್ಲ. ಹವೆ, ರೋಗ, ಕುದುರೆಗಳ ಆರೈಕೆ ಬಲ್ಲವರ ಅಭಾವ ಇವೂ ಸೇರಿರಬೇಕು.

ಎರಡು ಶತಮಾನಗಳ ತರುವಾಯ, 1470ರ ಸುಮಾರಿನಲ್ಲಿ, ಬೀದರಿನ ಬಹಮನೀ ರಾಜ್ಯಕ್ಕೆ ಬಂದ ರಷ್ಯದ ವರ್ತಕ ನಿಕಿತಿನನು, ಈ ದೇಶದಲ್ಲಿ ಹುಟ್ಟುವುದು ಎತ್ತು ಎಮ್ಮೆಗಳೇ ಹೊರತು ಕುದುರೆಗಳಲ್ಲವೆಂದು ಬರೆದನು. ಕುದುರೆಗಳಿಗೆ ಕಾಳನ್ನೂ, ಸಕ್ಕರೆ ಎಣ್ಣೆ ಬೆರೆಸಿ ಬೇಯಿಸಿದ ಖಿಚಡಿಯನ್ನೂ ಹಾಕುತ್ತಿದ್ದರೆಂಬುದೂ ಅವನಿಂದಲೇ ತಿಳಿಯುತ್ತದೆ. ದನಗಳ ಪಾಲನೆಯನ್ನು ಚೆನ್ನಾಗಿ ಬಲ್ಲ ನಾಡೊಂದು ಪರದೇಶದ ಪ್ರಾಣಿಯನ್ನು ಅರಿಯಲು ತೆತ್ತ ಬೆಲೆ ಇದು. ಅಶ್ವದಳಗಳ ಚರಿತ್ರೆಯನ್ನು ಬರೆಯುವವರು ಕುದುರೆಗಳ ಸಂಖ್ಯೆಯೊಡನೆ ಅವುಗಳ ಮೇವನ್ನೂ ಪರಿಶೀಲಿಸುವುದು ಅವಶ್ಯಕ.